ಮಂದಿಯ ಲೆಕ್ಕ

1

ಬೆಳಗಿನ ಜಾವ ಮಾರಿಕುಪ್ಪದಿಂದ ಹೊರಡುವ ರೈಲು ಬಂಗಾರಪೇಟೆಗೆ ಬರುವಷ್ಟರಲ್ಲೇ ತುಂಬಿರುತ್ತದೆ. ಮಾಲೂರು ದಾಟಿದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಬುತ್ತಿ ಡಬ್ಬಿಯನ್ನು ಎದೆಗವಚಿಕೊಂಡು ನಿಂತ ಹೆಂಗಸರು, ಬಾಗಿಲ ಕಂಬಿಗೆ ಜೋತುಬಿದ್ದ ಹುಡುಗರು, ನಿಂತಲ್ಲೇ ತೂಕಡಿಸುವ ಕಾವಲುಗಾರರು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬಾಯಲ್ಲಿ. ಮಾರಿಕುಪ್ಪ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಸ್ಟೇಷನ್ನುಗಳು ಬರುತ್ತವೆ. ಈ ಹೆಸರುಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ ಲಂಡನ್ನಿನ ಷೇರುಪೇಟೆಯಲ್ಲಿ ಕೂಗಿ ಮಾರುತ್ತಿದ್ದ ಹೆಸರುಗಳು. ಇವತ್ತು ಅವು ನಮ್ಮವರು ಕೂಲಿಗೆ ಹೊರಡಲು ರೈಲು ಹತ್ತುವ ಜಾಗಗಳು.

ನಾವೂ ಅದೇ ರೈಲಿನವರು. ಬಂಗಾರಪೇಟೆ ತಾಲ್ಲೂಕಿನ ಒಂದು ಹೊಲಗೇರಿಯಲ್ಲಿ ಹುಟ್ಟಿ, ಬಿ.ಕಾಂ. ಮುಗಿಸಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡವೊಂದರಲ್ಲಿ ಲೆಕ್ಕ ತುಂಬುವ ಕೆಲಸಕ್ಕೆ ಸೇರಿದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ ನಮ್ಮದು. ತಾತ ಗಣಿಗೆ ಇಳಿದವರು. ನಮ್ಮ ಕೆಲಸ ಹೊರದೇಶದ ಗಣಿ ಕಂಪನಿಗಳ ಒಂದು ಪಟ್ಟಿಯನ್ನು ನೋಡಿಕೊಳ್ಳುವುದು. ಅದರಲ್ಲಿ ಒಂದು ಕಾಲಂ ಇದೆ. ಅದಕ್ಕೆ 'ಶಾರ್ಟ್ ಇಂಟರೆಸ್ಟ್' ಅನ್ನುತ್ತಾರೆ. ತಿಂಗಳಿಗೆ ಎರಡು ಸಲ ಅಮೆರಿಕದಿಂದ ಅಂಕಿ ಬರುತ್ತದೆ, ನಾವು ಅದನ್ನು ತುಂಬಿ, ಹಿಂದಿನ ಅಂಕಿಗೆ ಹೋಲಿಸಿ, ಏರಿದ್ದರೆ ಕೆಂಪು ಬಣ್ಣ ಹಚ್ಚುತ್ತೇವೆ.

ಅದೇ ಮಹಡಿಯಲ್ಲಿ ನೆಲ ಒರೆಸುವುದು ಚಾಂಪಿಯನ್ ಲೈನಿನ ಅತ್ತೆಯೊಬ್ಬರು. ರಕ್ತಸಂಬಂಧವಲ್ಲ, ರೈಲಿನ ಸಂಬಂಧ. ಒಂದು ದಿನ ಒರೆಸುವ ಕೋಲು ಊರಿಕೊಂಡು ನಿಂತು ಕೇಳಿದರು: "ಅದೇನಪ್ಪಾ ಹಿಂಗೆ ಕಣ್ಣು ಮಿಟುಕಿಸ್ದೆ ನೋಡ್ತಾ ಇರ್ತೀಯ?"

"ಗಣಿ ಕಂಪನಿ ಬಿದ್ದೋಗುತ್ತೆ ಅಂತ ಯಾರ್ಯಾರು ಎಷ್ಟೆಷ್ಟು ದುಡ್ಡು ಕಟ್ಟವ್ರೆ ಅನ್ನೋ ಲೆಕ್ಕ ಅತ್ತೆ" ಅಂದೆವು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ನಮ್ಮ ಗಣಿ ಬಿದ್ದೋದಾಗ ಯಾರಾನ ಲೆಕ್ಕ ಇಟ್ರಾ?"

ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಗಣಿಯ ಷೇರು ಬೀಳಲಿ ಅಂತ ಕಾದವರ ಚರಿತ್ರೆಯನ್ನೂ ಗಣಿಯೊಳಗೆ ಇಳಿದವರ ಚರಿತ್ರೆಯನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನ್ನಿಸಿ ಬರೆಯುತ್ತಿದ್ದೇವೆ.

2

ಮೊದಲು ಈ ಲೆಕ್ಕ ಏನು ಅಂತ ತಿಳಿದುಕೊಳ್ಳಬೇಕು. ಇದು ದೊಡ್ಡವರ ವಿದ್ಯೆ, ನಮಗೆ ತಿಳಿಯುವುದಿಲ್ಲ ಅಂತ ಬಿಟ್ಟುಬಿಟ್ಟರೆ ಅವರಿಗೆ ಬೇಕಾಗಿರುವುದೂ ಅದೇ.

ನಮ್ಮ ಕಡೆ ಮುಂಗಾರಿನ ಹೊತ್ತಿಗೆ ಮನೆಯಲ್ಲಿ ರಾಗಿ ಮುಗಿಯುತ್ತದೆ. ಸಾಹುಕಾರನ ಹತ್ತಿರ ಒಂದು ಮೂಟೆ ರಾಗಿ ಸಾಲ ತರುತ್ತೇವೆ. ಸುಗ್ಗಿಯಲ್ಲಿ ಒಂದೂವರೆಯೋ ಎರಡೋ ಮೂಟೆ ಅಳೆಯುತ್ತೇವೆ. ತಂದ ರಾಗಿಯನ್ನು ತಿಂದುಬಿಡುವುದರಿಂದ ಆ ಸಾಲದಲ್ಲಿ ನಮಗೆ ಲಾಭದ ಮಾತೇ ಇಲ್ಲ. ಈಗ ಇನ್ನೊಬ್ಬನನ್ನು ನೆನೆಯಿರಿ. ಅವನಿಗೆ ಹಸಿವಿಲ್ಲ. ಮೂಟೆ ರಾಗಿಯನ್ನು ಸಾಲ ತಂದು, ಬೆಲೆ ಏರಿರುವಾಗಲೇ ಸಂತೆಯಲ್ಲಿ ಮಾರುತ್ತಾನೆ. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಒಂದು ಮೂಟೆ ಕೊಂಡು ವಾಪಸು ಕೊಡುತ್ತಾನೆ. ನಡುವಿನ ದುಡ್ಡು ಅವನದು. ಬೆಳೆದವನಲ್ಲ, ತಿಂದವನಲ್ಲ, ಹೊತ್ತವನೂ ಅಲ್ಲ, ಬೆಲೆ ಬೀಳುತ್ತದೆ ಅಂತ ನಂಬಿದವನು ಅಷ್ಟೆ. ಷೇರುಪೇಟೆಯಲ್ಲಿ ಇದಕ್ಕೆ ಶಾರ್ಟ್ ಮಾರಾಟ ಅನ್ನುತ್ತಾರೆ.

ಇವನಿಗೂ ಭಯವಿದೆ. ಬರ ಬಂದು ರಾಗಿಯ ಬೆಲೆ ಮೂರು ಪಟ್ಟಾದರೆ ಆ ಬೆಲೆಗೇ ಕೊಂಡು ಸಾಲ ತೀರಿಸಬೇಕು. ಬೆಲೆ ಬಿದ್ದರೆ ಸೊನ್ನೆಯವರೆಗೆ ಮಾತ್ರ, ಏರಿದರೆ ಅದಕ್ಕೆ ಮಿತಿ ಇಲ್ಲ. ಆದ್ದರಿಂದ ಇವನ ಲಾಭಕ್ಕೆ ತಳವಿದೆ, ನಷ್ಟಕ್ಕೆ ಆಕಾಶವೇ ಗಡಿ.

ಹೀಗೆ ಸಾಲ ತಂದು ಮಾರಿ ಇನ್ನೂ ವಾಪಸು ಕೊಡದ ಷೇರುಗಳ ಒಟ್ಟು ಮೊತ್ತವೇ ಶಾರ್ಟ್ ಇಂಟರೆಸ್ಟ್. ಒಂದು ಗಣಿ ಕಂಪನಿಯ 10 ಕೋಟಿ ಷೇರು ಪೇಟೆಯಲ್ಲಿ ಓಡಾಡುತ್ತಿವೆ ಅನ್ನಿ. ಅದರಲ್ಲಿ 1 ಕೋಟಿ ಸಾಲ ತಂದು ಮಾರಿದ್ದಾದರೆ ಶೇಕಡಾ 10. ದಿನಕ್ಕೆ ಸರಾಸರಿ 20 ಲಕ್ಷ ಷೇರು ಕೈ ಬದಲಾಯಿಸುತ್ತವೆ ಅಂದರೆ, ಸಾಲ ಮಾಡಿದವರೆಲ್ಲ ಒಟ್ಟಿಗೆ ವಾಪಸು ಕೊಳ್ಳಲು ಹೊರಟರೆ 5 ದಿನ ಬೇಕು. ಶೇಕಡಾವಾರು ಏರುತ್ತಿದ್ದರೆ ಆ ಗಣಿಯ ಮೇಲೆ ನಂಬಿಕೆ ಇಲ್ಲದವರು ಹೆಚ್ಚುತ್ತಿದ್ದಾರೆ ಅಂತ ಅರ್ಥ. ದಿನಗಳ ಸಂಖ್ಯೆ ದೊಡ್ಡದಿದ್ದರೆ, ಒಂದು ಒಳ್ಳೆಯ ಸುದ್ದಿ ಬಂದರೂ ಸಾಕು, ಬಾಗಿಲು ಚಿಕ್ಕದು ಮನೆಗೆ ಬೆಂಕಿ ಅನ್ನುವ ಹಾಗೆ ಎಲ್ಲರೂ ಕೊಳ್ಳಲು ನುಗ್ಗಿ ಬೆಲೆ ಹಾರುತ್ತದೆ. ಈ ಎರಡು ಅಂಕಿಗಳನ್ನು ಕಾಯುವುದೇ ನಮ್ಮ ನೌಕರಿ.

ಇಂಗ್ಲಿಷಿನವರು ಬೆಲೆ ಬೀಳಲಿ ಅನ್ನುವವನನ್ನು ಕರಡಿ ಅಂದರು, ಏರಲಿ ಅನ್ನುವವನನ್ನು ಗೂಳಿ ಅಂದರು. ಬೊಂಬಾಯಿಯ ಪೇಟೆಯಲ್ಲಿ ಏರಿಕೆಗೆ ತೇಜಿ, ಇಳಿಕೆಗೆ ಮಂದಿ. ಇಳಿಕೆಯ ಮೇಲೆ ದುಡ್ಡು ಕಟ್ಟಿದವನು ಮಂದಿವಾಲಾ. ಕನ್ನಡದಲ್ಲಿ ಮಂದಿ ಅಂದರೆ ಜನ. ಅವರ ಮಂದಿಗೆ ಲೆಕ್ಕವಿದೆ, ದಿನಾಂಕವಿದೆ, ಕಾಲಂ ಇದೆ. ನಮ್ಮ ಮಂದಿಗೆ?

3

ಈ ಆಟ ಹೊಸದಲ್ಲ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಷೇರು ಬೀಳುವಂತೆ ಆಡಿದ ಐಸಾಕ್ ಲೆ ಮೇರ್ ಎಂಬ ವ್ಯಾಪಾರಿಯ ಗುಂಪಿನಿಂದಾಗಿ 1610ರಲ್ಲೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೈಯಲ್ಲಿಲ್ಲದ ಷೇರು ಮಾರುವುದಕ್ಕೆ ನಿಷೇಧ ಬಂತು. ಅಂದರೆ ಷೇರು ಹುಟ್ಟಿದ ಹತ್ತು ವರ್ಷದೊಳಗೇ ಕರಡಿಯೂ ಹುಟ್ಟಿತು. ನಮ್ಮ ಕೋಲಾರದ ಕಥೆ ಅದಕ್ಕೆ ಬಂದು ಸೇರುವುದು 19ನೇ ಶತಮಾನದಲ್ಲಿ.

1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಚಿನ್ನದ ಸುದ್ದಿ ಕೇಳಿ ಬಹುಮಾನ ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನ ಎದುರಿಗೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪದಲ್ಲಿ ಪರಯರು ಕಿರಿದಾದ ಗುಂಡಿಗಳಲ್ಲಿ ಇಳಿದು ಕಲ್ಲು ಒಡೆಯುವುದನ್ನೂ, ಆ ಕಲ್ಲು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿ ಮೇಲೆ ಬರುವುದನ್ನೂ, ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡುವುದನ್ನೂ ಅವನು ಬರೆದಿಟ್ಟಿದ್ದಾನೆ. ಇದನ್ನು ನಾವು ನೆನಪಿಡಬೇಕು. ಕೋಲಾರದ ಚಿನ್ನವನ್ನು ಇಂಗ್ಲಿಷಿನವರು 'ಕಂಡುಹಿಡಿದರು' ಅಂತ ಶಾಲೆಯ ಪುಸ್ತಕ ಹೇಳುತ್ತದೆ. ಅವರು ಬರುವ ಮೊದಲೇ ಗುಂಡಿಯೊಳಗೆ ಇದ್ದವರು ಯಾರು ಅನ್ನುವುದನ್ನು ಹೇಳುವುದಿಲ್ಲ.

ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ಮೇಲಿನ ಯುದ್ಧದಲ್ಲಿ ಸೈನಿಕನಾಗಿದ್ದ ಐರಿಷ್‌ನವ ಮೈಕೆಲ್ ಲ್ಯಾವೆಲ್ ಬೆಂಗಳೂರಿನ ದಂಡಿನಲ್ಲಿ ನೆಲೆಸಿ, ವಾರನ್ನನ ವರದಿ ಓದಿ, 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದ. ಅವನ ಹತ್ತಿರ ದುಡ್ಡಿರಲಿಲ್ಲ, ಇದ್ದದ್ದು ಕಾಗದ. ಕೆಲವೇ ವರ್ಷದಲ್ಲಿ ಆ ಹಕ್ಕನ್ನು ಬೇರೆಯವರಿಗೆ ದಾಟಿಸಿದ. ಇವತ್ತು ಬೆಂಗಳೂರಿನ ದುಬಾರಿ ರಸ್ತೆಯೊಂದಕ್ಕೆ ಅವನ ಹೆಸರಿದೆ. ಅವನಿಗಿಂತ ಮೊದಲು ಗುಂಡಿಗಿಳಿದವರ ಹೆಸರು ಒಂದು ಗಲ್ಲಿಗೂ ಇಲ್ಲ.

ಅಷ್ಟರಲ್ಲಿ ಲಂಡನ್ನಿಗೆ ಚಿನ್ನದ ಹುಚ್ಚು ಹತ್ತಿತ್ತು. ವೈನಾಡಿನ ದೇವಾಲ, ಪಂದಲೂರುಗಳಲ್ಲಿ ಬೇಕಾದಷ್ಟು ಚಿನ್ನವಿದೆ ಅಂತ ಆಸ್ಟ್ರೇಲಿಯಾದಿಂದ ಬಂದ ತಜ್ಞ ಬ್ರೋ ಸ್ಮಿತ್ 1880ರಲ್ಲಿ ಆಸೆ ಹುಟ್ಟಿಸುವ ವರದಿ ಕೊಟ್ಟ. ವರ್ಷ ಎರಡು ವರ್ಷದೊಳಗೆ 30ಕ್ಕೂ ಹೆಚ್ಚು ಕಂಪನಿಗಳು ಲಂಡನ್ನಿನಲ್ಲಿ ಹುಟ್ಟಿದವು. ಷೇರಿನ ಕಾಗದ ಲಕ್ಷಗಟ್ಟಲೆ ಪೌಂಡಿಗೆ ಮಾರಾಟವಾಯಿತು. ಪಂದಲೂರಿನ ಕಾಡಿನಲ್ಲಿ ಬಿಳಿಯರ ಕುದುರೆ ಓಟಕ್ಕೆ ಮೈದಾನವೂ ಎದ್ದಿತು. ಕಲ್ಲು ಅರೆದು ನೋಡಿದರೆ ಚಿನ್ನ ಖರ್ಚಿಗೂ ಸಾಲಲಿಲ್ಲ. ಕಂಪನಿಗಳು ಒಂದರ ಹಿಂದೆ ಒಂದು ಮುಳುಗಿದವು. ಮೊದಲೇ ಮಾರಿ ಹೊರಬಿದ್ದವರು ಗೆದ್ದರು. ಕೊನೆಗೆ ಕೊಂಡವರು ಕಾಗದ ಹಿಡಿದು ಕುಳಿತರು.

1880ರಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯೂ ಅದೇ ಗತಿಗೆ ಬಂತು. ಮೂರ್ನಾಲ್ಕು ವರ್ಷ ಅಗೆದರೂ ಹೇಳಿಕೊಳ್ಳುವಂಥ ಚಿನ್ನ ಸಿಗಲಿಲ್ಲ. ಷೇರಿಗೆ ಕೇಳುವವರಿಲ್ಲದಾದರು. ಕೈಯಲ್ಲಿ ಉಳಿದದ್ದು 13,000 ಪೌಂಡು. ಬಾಗಿಲು ಹಾಕಿ ಉಳಿದದ್ದು ಹಂಚಿಕೊಳ್ಳೋಣ ಅಂದ ಷೇರುದಾರರನ್ನು ಜಾನ್ ಟೇಲರ್ ಸಂಸ್ಥೆ ಒಪ್ಪಿಸಿ, ಕೊನೆಯ ಪ್ರಯತ್ನಕ್ಕೆ ಪ್ಲಮ್ಮರ್ ಎಂಬ ಗಣಿ ಕಪ್ತಾನನನ್ನು ಕಳಿಸಿತು. ಅವನು ಮಾಡಿದ್ದೇನು? ಹಳೆಯ ಕಾಲದವರು ಅಗೆದು ಬಿಟ್ಟಿದ್ದ ಗುಂಡಿಗಳ ಕೆಳಗೆ ಇನ್ನೂ ಆಳಕ್ಕೆ ಹೋದ. ಅಲ್ಲಿ ಸಿಕ್ಕಿತು ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ.

ನಿಂತು ಯೋಚಿಸಿ ಗೆಳೆಯರೆ. ಷೇರುಪೇಟೆಯ ಕರಡಿಗೂ ಗೂಳಿಗೂ ತಿಳಿಯದಿದ್ದ ಚಿನ್ನದ ದಾರಿ, ಹೆಸರಿಲ್ಲದ ಹಳೆಯ ಗಣಿಗಾರರ ಗುಂಡಿಗಳಲ್ಲಿ ಬರೆದಿತ್ತು. ಲಂಡನ್ ಶ್ರೀಮಂತವಾದದ್ದು ಅವರು ಬಿಟ್ಟು ಹೋದ ಗುರುತು ಹಿಡಿದು.

ಈ ಕುಸಿತದ ದಿನಗಳಲ್ಲೇ, 1882ರಲ್ಲಿ, ಡೇವಿಡ್ ವೈಟ್ ಎಂಬುವನು ಆಂಗ್ಲೋ-ಇಂಡಿಯನ್ನರ ನೆಲೆಗಾಗಿ ಮಹಾರಾಜರಿಂದ ಭೂಮಿ ಪಡೆದು ವೈಟ್‌ಫೀಲ್ಡನ್ನು ಶುರು ಮಾಡಿದ. ಆ ಊರು ಮುಂದೆ ನಮಗೆ ಕೂಲಿ ಕೊಡುವ ಊರಾಗುತ್ತದೆ ಅಂತ ಆಗ ಯಾರೂ ಎಣಿಸಿರಲಿಲ್ಲ.

4

ಆಮೇಲಿನದು ಏರಿಕೆಯ ಕಥೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಕಂಪನಿಗಳ ಷೇರು ಲಂಡನ್ ಪತ್ರಿಕೆಗಳ ಹಣದ ಪುಟದಲ್ಲಿ ಅಚ್ಚಾಗತೊಡಗಿದವು. ಎಷ್ಟು ಟನ್ ಕಲ್ಲು ಅರೆದರು, ಎಷ್ಟು ಔನ್ಸ್ ಚಿನ್ನ ಬಂತು ಅನ್ನುವ ಲೆಕ್ಕ ಪ್ರತಿ ತಿಂಗಳು ತಂತಿಯಲ್ಲಿ ಸಮುದ್ರ ದಾಟುತ್ತಿತ್ತು. ಆ ಒಂದು ಸಾಲಿನ ತಂತಿಗಾಗಿ ಕರಡಿಗಳೂ ಗೂಳಿಗಳೂ ಕಾದು ಕೂರುತ್ತಿದ್ದರು.

ಆಗ ಲಂಡನ್ನಿನಲ್ಲಿ ಶಾರ್ಟ್ ಇಂಟರೆಸ್ಟ್ ಅಚ್ಚಾಗುತ್ತಿರಲಿಲ್ಲ. ಆದರೆ ತಿಳಿಯುವ ದಾರಿಯಿತ್ತು. ಅಲ್ಲಿ ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ಲೆಕ್ಕ ಚುಕ್ತಾ. ಕೊಂಡವನಿಗೆ ದುಡ್ಡಿಲ್ಲದಿದ್ದರೆ ಕಂಟ್ಯಾಂಗೋ ಎಂಬ ಬಡ್ಡಿ ಕಟ್ಟಿ ಮುಂದೂಡುತ್ತಿದ್ದ. ಮಾರಿದವನಿಗೆ ಷೇರಿಲ್ಲದಿದ್ದರೆ ಬ್ಯಾಕ್‌ವರ್ಡೇಷನ್ ಎಂಬ ದಂಡ ಕಟ್ಟಿ ಮುಂದೂಡುತ್ತಿದ್ದ. ಆ ದಂಡ ಏರಿದರೆ, ಇಲ್ಲದ ಷೇರು ಮಾರಿದವರು ಬಹಳ ಇದ್ದಾರೆ ಅಂತ ದಳ್ಳಾಳಿಗಳು ಮೂಸಿ ತಿಳಿಯುತ್ತಿದ್ದರು. ಬೊಂಬಾಯಿಯ ಬದ್ಲಾ ಪದ್ಧತಿಯಲ್ಲೂ ಇದೇ ನಡೆಯುತ್ತಿತ್ತು. ಅಲ್ಲಿ ಮಂದಿವಾಲಾ ಕಟ್ಟುವ ದಂಡಕ್ಕೆ ಉಂಧಾ ಬದ್ಲಾ, ಅಂದರೆ ತಲೆಕೆಳಗಾದ ಬದ್ಲಾ, ಅಂತ ಹೆಸರು.

ಇತ್ತ ಕೋಲಾರದಲ್ಲಿ? ಉತ್ತರ ಆರ್ಕಾಟಿನ ಬರದಿಂದ, ಜೀತದಿಂದ, ಜಾತಿಯ ಕಾಟದಿಂದ ತಪ್ಪಿಸಿಕೊಂಡು ಬಂದ ಆದಿ ದ್ರಾವಿಡರು ಸಾವಿರ ಸಾವಿರವಾಗಿ ಗಣಿಗೆ ಇಳಿದರು. ಶತಮಾನದ ಆರಂಭದ ಹೊತ್ತಿಗೆ ಕೆಲಸಗಾರರ ಸಂಖ್ಯೆ 30,000ದ ಆಸುಪಾಸು. ಸಾಹೇಬರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ನಮ್ಮವರಿಗೆ ಬಿದಿರು ತಟ್ಟಿಯ ಗುಡಿಸಲ ಸಾಲು. ಅದಕ್ಕೇ ಇವತ್ತಿಗೂ ಅಲ್ಲಿನ ಕೇರಿಗೆ ಲೈನ್ ಅಂತಲೇ ಹೆಸರು. 1902ರ ಜೂನಿನಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಆ ಕಾಲಕ್ಕೆ ಅದು ಜಗತ್ತಿನಲ್ಲೇ ಅತಿ ಉದ್ದದ ತಂತಿಗಳಲ್ಲಿ ಒಂದು. ಅದೇ ಕರೆಂಟಿನಿಂದ 1905ರಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿತು. ನಮ್ಮ ಲೈನುಗಳ ಒಳಗೆ ಸೀಮೆಎಣ್ಣೆ ಬುಡ್ಡಿಯೇ ಉಳಿಯಿತು. 1905ರಲ್ಲಿ ಚಿನ್ನದ ಉತ್ಪಾದನೆ 6 ಲಕ್ಷ ಔನ್ಸ್ ಮೀರಿ ಶಿಖರ ಮುಟ್ಟಿತು. ಮೈಸೂರು ಸರ್ಕಾರಕ್ಕೆ 100ಕ್ಕೆ 5ರಂತೆ ರಾಜಧನ. ಉಳಿದದ್ದು ಹಡಗು ಹತ್ತಿತು.

ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಬಿಸಿ 65 ಡಿಗ್ರಿಯ ಹತ್ತಿರ. ಒತ್ತಡ ತಾಳದೆ ಬಂಡೆಯೇ ಸಿಡಿಯುತ್ತಿತ್ತು. ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಮೇಲೆ ಲೈನಿನಲ್ಲಿ ಪಾತ್ರೆ ನಡುಗಿದರೆ ಹೆಂಗಸರು ಒಲೆ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಲಂಡನ್ನಿಗೂ ಆ ಸುದ್ದಿ ಹೋಗುತ್ತಿತ್ತು. ಎಷ್ಟು ಜನ ಸತ್ತರು ಅನ್ನುವುದಕ್ಕಿಂತ ಎಷ್ಟು ದಿನ ಅರೆಯುವುದು ನಿಲ್ಲುತ್ತದೆ ಅನ್ನುವುದೇ ಅಲ್ಲಿ ಮುಖ್ಯವಾದ ಸುದ್ದಿ. ಕರಡಿ ಷೇರು ಮಾರುತ್ತಿದ್ದದ್ದು ಆ ಲೆಕ್ಕದ ಮೇಲೆ.

ಬಂಡೆಯಿಂದ ಬದುಕಿದವರನ್ನು ಧೂಳು ಬಿಡಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ಗಟ್ಟಿಯಾಗುವ ರೋಗ ಸಿಲಿಕೋಸಿಸ್. ಭಾರತದಲ್ಲಿ ಅದು ಮೊದಲು ದಾಖಲಾದದ್ದು 1934ರಲ್ಲಿ, ಕೆ.ಜಿ.ಎಫ್.ನಲ್ಲಿ. 1940ರ ದಶಕದಲ್ಲಿ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ವೈದ್ಯರು ಪರೀಕ್ಷಿಸಿದಾಗ 100ಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಕಂಡಿತು. ನಮ್ಮ ತಾತ ಕೆಮ್ಮುತ್ತಲೇ ಹೋದರು. ಮನೆಯಲ್ಲಿ ಅದಕ್ಕೆ 'ಗಣಿ ಕೆಮ್ಮು' ಅನ್ನುತ್ತಿದ್ದರು. ಸಿಲಿಕೋಸಿಸ್ ಎಂಬ ಮಾತನ್ನು ನಾವು ಕಲಿತದ್ದು ಅವರು ಸತ್ತು ಎಷ್ಟೋ ವರ್ಷದ ಮೇಲೆ, ಪುಸ್ತಕದಿಂದ.

ಆಳುವವರು ನಮ್ಮ ಲೆಕ್ಕವನ್ನೇ ಇಡಲಿಲ್ಲ ಅಂತ ಹೇಳಿದರೆ ತಪ್ಪಾದೀತು. ಇಟ್ಟರು, ಬೇರೆ ರೀತಿ. ಕೂಲಿಯವನ ಕೈಯಲ್ಲಿ ಚಿನ್ನದ ಕಲ್ಲಿನ ಚೂರು ಸಿಕ್ಕಿದರೆ ತಾನು ಕದ್ದಿಲ್ಲ ಅಂತ ಅವನೇ ರುಜುವಾತು ಮಾಡಬೇಕು ಅನ್ನುವ ಕಾನೂನಿತ್ತು. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಮಾಡಲು ಹೊರಟರು. ನಮ್ಮನ್ನು ಕಳ್ಳರ ಹಾಗೆ ಎಣಿಸಬೇಡಿ ಅಂತ ಸಾವಿರಾರು ಜನ ಗಣಿಗೆ ಇಳಿಯದೆ ಮೇಲೆಯೇ ನಿಂತರು. ದೊಡ್ಡ ನಾಯಕರು ಯಾರೂ ಮುಂದಿರಲಿಲ್ಲ, ಮುಷ್ಕರ ವಾರಗಟ್ಟಲೆ ನಡೆಯಿತು. ಅದರ ಮರುವರ್ಷ, 1931ರಲ್ಲಿ, ನ್ಯೂಯಾರ್ಕಿನ ಷೇರುಪೇಟೆ ಮೊದಲ ಸಲ ಶಾರ್ಟ್ ಮಾರಾಟದ ಲೆಕ್ಕ ತೆಗೆದು ಪ್ರಕಟಿಸತೊಡಗಿತು. 1929ರ ಕುಸಿತಕ್ಕೆ ಕರಡಿಗಳೇ ಕಾರಣ ಅನ್ನುವ ಕೂಗು ಎದ್ದಿತ್ತು. ಅಲ್ಲಿ ಎಣಿಸಿದ್ದು ಒಟ್ಟು ಷೇರು, ಯಾರ ಹೆಸರೂ ಹೊರಗೆ ಬರಲಿಲ್ಲ. ಇಲ್ಲಿ ಎಣಿಸಲು ಹೊರಟದ್ದು ಒಬ್ಬೊಬ್ಬನ ಬೆರಳು.

1946ರಲ್ಲಿ ಮತ್ತೆ ಮುಷ್ಕರ. ನವೆಂಬರ್ 4ರಂದು ಪೊಲೀಸರ ಕೈಯಲ್ಲಿ 6 ಕಾರ್ಮಿಕರು ಸತ್ತರು. ಅದೇ 1946ರ ಮೇ 1ರಂದು ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಬಿಳಿಯರ ಕುರಿದೊಡ್ಡಿಗಳಲ್ಲಿ ಜೀತದಂತೆ ದುಡಿಯುತ್ತಿದ್ದ ನೂರಾರು ಮೂಲನಿವಾಸಿಗಳು ಕೆಲಸ ಬಿಟ್ಟು ಹೊರಬಂದಿದ್ದರು. ಆ ಪಿಲ್ಬರಾ ಹೆಸರು ಹೊತ್ತಿದ್ದ ಗಣಿ ಕಂಪನಿ ಇವತ್ತು ಲಿಥಿಯಂ ತೆಗೆಯುತ್ತದೆ. ಅಲ್ಲಿನ ಪೇಟೆಯಲ್ಲಿ 2023-24ರಲ್ಲಿ ಅತಿ ಹೆಚ್ಚು ಶಾರ್ಟ್ ಆದ ಷೇರುಗಳ ಪಟ್ಟಿಯ ತುದಿಯಲ್ಲಿ ಅದರ ಹೆಸರಿತ್ತು. ನಮ್ಮ ಕೆಂಪು ಬಣ್ಣದ ಕಾಲಂನ ಹಿಂದೆ ಹೀಗೆ ಎಲ್ಲ ಕಡೆಯೂ ಒಂದು ಕೇರಿ ಇದೆ.

ನಮ್ಮವರು ಬರೀ ಸತ್ತವರಲ್ಲ. ಅಯೋತ್ತಿದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪದಲ್ಲಿ ಬೆಳೆಯಿತು. ಅವರ 'ತಮಿಳನ್' ಪತ್ರಿಕೆ 1920ರ ದಶಕದಲ್ಲಿ ಇದೇ ಕೆ.ಜಿ.ಎಫ್.ನಿಂದ ಮತ್ತೆ ಹೊರಬಂತು. ಪಾಳಿ ಮುಗಿಸಿ ಮೇಲೆ ಬಂದವರು ಪಂಚಶೀಲ ಓದಿದರು, ರಾತ್ರಿ ಶಾಲೆ ನಡೆಸಿದರು. ಅಂಬೇಡ್ಕರರ ರಿಪಬ್ಲಿಕನ್ ಪಕ್ಷದಿಂದ ಶಾಸಕರನ್ನು ಗೆಲ್ಲಿಸಿದ ಊರಿದು. ಕನ್ನಡದ ನಾವು ಅವರನ್ನು 'ತಮಿಳರು' ಅಂತ ದೂರ ಇಟ್ಟು ಬಹಳ ಕಾಲ ಕಳೆದೆವು. ಭಾಷೆ ಬೇರೆ ಇರಬಹುದು, ಕೇರಿ ಒಂದೇ.

5

ಸ್ವಾತಂತ್ರ್ಯ ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಈಗ ಷೇರುಪೇಟೆಯ ಕಾಟವಿಲ್ಲ, ಬೀಳಲಿ ಅಂತ ದುಡ್ಡು ಕಟ್ಟುವವರಿಲ್ಲ, ನಮ್ಮದೇ ಸರ್ಕಾರ. ಆದರೂ ಬಿತ್ತು. ಹೇಗೆ?

ರಾಷ್ಟ್ರೀಕರಣದ ನಂತರ ವರ್ಷಗಟ್ಟಲೆ ಇಲ್ಲಿನ ಚಿನ್ನವನ್ನು ಸರ್ಕಾರ ಕೊಂಡದ್ದು ಅಂತರರಾಷ್ಟ್ರೀಯ ನಿಗದಿ ದರಕ್ಕೆ. ಚಿಕ್ಕಪೇಟೆಯ ಚಿನ್ನದ ಅಂಗಡಿಯ ಬೆಲೆಗೆ ಹೋಲಿಸಿದರೆ ಅದು ತೀರಾ ಕಡಿಮೆ. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನ ಇಳಿಯಿತು. ಹಾಗೆ ಕೊಟ್ಟು ಕೊಟ್ಟು ಲೆಕ್ಕದ ಪುಸ್ತಕದಲ್ಲಿ ನಷ್ಟ ಬರೆಯಿತು. ಆಮೇಲೆ 'ಕಾರ್ಮಿಕರು ಹೆಚ್ಚು, ದುಡಿಮೆ ಕಡಿಮೆ' ಅಂದರು. 1992ರಲ್ಲಿ ರೋಗಗ್ರಸ್ತ ಕಂಪನಿಗಳ ಮಂಡಳಿಗೆ ಕಳಿಸಿದರು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದರು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ. ಉಳಿದಿದ್ದ ಮೂರೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಮನೆಗೆ. ಕರಡಿ ಬೆಲೆ ಬೀಳಲಿ ಅಂತ ಕಾಯುತ್ತದೆ, ಇಲ್ಲಿ ಕೊಳ್ಳುವವನೇ ಬೆಲೆ ಕಟ್ಟುವವನೂ ಆಗಿ ಕೆಳಗಿಟ್ಟ.

ಆ ದಿನಾಂಕವನ್ನು ಮತ್ತೆ ನೋಡಿ. 2001ರ ಫೆಬ್ರವರಿ 28 ಕೇಂದ್ರ ಬಜೆಟ್ಟಿನ ದಿನ. ಮುಂದಿನ ದಿನಗಳಲ್ಲಿ ಬೊಂಬಾಯಿ ಷೇರುಪೇಟೆ ಕುಸಿಯಿತು. ಕರಡಿಗಳ ಕೂಟ ಆಟವಾಡುತ್ತಿದೆ ಅಂತ ಗದ್ದಲವೆದ್ದಿತು. ಮಾರ್ಚ್ ತಿಂಗಳಲ್ಲೇ ಸೆಬಿ ಶಾರ್ಟ್ ಮಾರಾಟವನ್ನು ನಿಷೇಧಿಸಿತು. ಜುಲೈ ಹೊತ್ತಿಗೆ ಬದ್ಲಾ ಪದ್ಧತಿಯೂ ಹೋಯಿತು. ಷೇರುದಾರರ ದುಡ್ಡು ಕರಗಿದಾಗ ಸರ್ಕಾರಕ್ಕೆ ಎಚ್ಚರವಾಗಲು ಕೆಲವೇ ದಿನ ಸಾಕಾಯಿತು. ಅದೇ ಹೊತ್ತಿಗೆ ಕೆಲಸ ಕಳೆದುಕೊಂಡ ನಮ್ಮವರು ಬಾಕಿಗಾಗಿ, ಕ್ವಾರ್ಟರ್ಸಿನ ಹಕ್ಕುಪತ್ರಕ್ಕಾಗಿ ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಅಲೆದರು. ಎರಡೂ ಕುಸಿತವೇ. ಒಂದಕ್ಕೆ ತುರ್ತು ಸಭೆ, ಇನ್ನೊಂದಕ್ಕೆ ಮುಂದಿನ ತಾರೀಕು.

ಆಗ ತುಂಬತೊಡಗಿತು ಮಾರಿಕುಪ್ಪದ ರೈಲು. ಅಪ್ಪ ಶಾಫ್ಟಿಗೆ ಇಳಿಯುತ್ತಿದ್ದ ಹೊತ್ತಿಗೆ ಮಗ ವೈಟ್‌ಫೀಲ್ಡಿನಲ್ಲಿ ಇಳಿಯತೊಡಗಿದ.

6

2008ರ ಏಪ್ರಿಲ್‌ನಲ್ಲಿ ಷೇರು ಸಾಲ ಕೊಡುವ ವ್ಯವಸ್ಥೆಯ ಜೊತೆಗೆ ಶಾರ್ಟ್ ಮಾರಾಟ ಎಲ್ಲ ಬಗೆಯ ಹೂಡಿಕೆದಾರರಿಗೂ ಮತ್ತೆ ತೆರೆಯಿತು. 2024ರ ಜನವರಿಯಲ್ಲಿ ಸೆಬಿ ಮತ್ತೆ ಸುತ್ತೋಲೆ ಹೊರಡಿಸಿತು: ದೊಡ್ಡ ಸಂಸ್ಥೆ ಮಾರುವಾಗಲೇ ಇದು ಶಾರ್ಟ್ ಅಂತ ಹೇಳಬೇಕು, ಚಿಕ್ಕವನು ಅದೇ ದಿನ ಸಂಜೆಯೊಳಗೆ ಹೇಳಬೇಕು, ವಾರಕ್ಕೊಮ್ಮೆ ಆ ಲೆಕ್ಕ ಜನರ ಮುಂದೆ ಬರಬೇಕು. ಒಳ್ಳೆಯ ಮಾತು. ಲೆಕ್ಕ ಬಯಲಲ್ಲಿ ಇರಬೇಕು.

2025ರ ಜುಲೈ 9ರಂದು ಅಮೆರಿಕದ ವೈಸ್‌ರಾಯ್ ರಿಸರ್ಚ್ ಎಂಬ ಶಾರ್ಟ್ ಮಾರಾಟದ ಸಂಸ್ಥೆ ವೇದಾಂತ ಗುಂಪಿನ ಮೇಲೆ ವರದಿ ಹೊರಡಿಸಿತು. ಲಂಡನ್ನಿನ ಮೂಲ ಕಂಪನಿಯ ಸಾಲಪತ್ರದ ಬೆಲೆ ಬೀಳುತ್ತದೆ ಅಂತ ತಾನು ದುಡ್ಡು ಹಾಕಿರುವುದಾಗಿ ತಾನೇ ಹೇಳಿತು. ಅಂದು ಮುಂಬಯಿಯಲ್ಲಿ ಷೇರು ಕುಸಿದು ಸ್ವಲ್ಪ ಚೇತರಿಸಿತು. ಕಂಪನಿ ಆರೋಪವನ್ನೆಲ್ಲ ತಳ್ಳಿಹಾಕಿತು. ಆ ಗುಂಪಿನ ಕಬ್ಬಿಣದ ಅದಿರಿನ ಗಣಿ ನಮ್ಮ ಚಿತ್ರದುರ್ಗದಲ್ಲೂ ಇದೆ. ಅಮೆರಿಕದ ಕರಡಿಗೂ ಚಿತ್ರದುರ್ಗದ ಲಾರಿಯ ಧೂಳಿಗೂ ಇಷ್ಟೇ ದೂರ.

ಕರಡಿಯನ್ನು ಬರೀ ಬೈದು ಮುಗಿಸುವಂತಿಲ್ಲ ಅನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕೆನಡಾದ ಬ್ರಿ-ಎಕ್ಸ್ ಎಂಬ ಕಂಪನಿ ಇಂಡೋನೇಷ್ಯಾದ ಕಾಡಿನಲ್ಲಿ ಜಗತ್ತಿನ ಅತಿ ದೊಡ್ಡ ಚಿನ್ನದ ನಿಕ್ಷೇಪ ಸಿಕ್ಕಿದೆ ಅಂತ ಷೇರು ಏರಿಸಿತು. ಮಾದರಿಯ ಕಲ್ಲಿಗೆ ಹೊರಗಿನಿಂದ ಚಿನ್ನ ಬೆರೆಸಿದ್ದರು ಅನ್ನುವುದು 1997ರಲ್ಲಿ ಬಯಲಾಯಿತು. ಅಷ್ಟರಲ್ಲಿ ಪಿಂಚಣಿ ನಿಧಿಗಳ ದುಡ್ಡೂ ಮುಳುಗಿತ್ತು. ಇಲ್ಲ, ಇದು ಸುಳ್ಳು ಅಂತ ದುಡ್ಡು ಹಾಕಿ ಹೇಳುವವನು ಇಂಥ ಕಡೆ ಬೇಕು. 1880ರ ವೈನಾಡಿನಲ್ಲಿ ಹಾಗೆ ಹೇಳುವವರಿಗೆ ಬಲವಿದ್ದಿದ್ದರೆ ಎಷ್ಟೋ ಚಿಕ್ಕ ಷೇರುದಾರರು ಉಳಿಯುತ್ತಿದ್ದರು. ಕರಡಿ ಕೆಲವು ಸಲ ನಿಜ ಹೇಳುತ್ತದೆ. ಆದರೆ ಅದು ಹೇಳುವುದು ಷೇರಿನ ನಿಜ. ಶ್ವಾಸಕೋಶದ ನಿಜವನ್ನು ಹೇಳಲು ಯಾವ ಕರಡಿಗೂ ಲಾಭವಿಲ್ಲ.

ಈಗ ಕೆ.ಜಿ.ಎಫ್.ನಲ್ಲಿ ಮತ್ತೆ ಮಾತು ಶುರುವಾಗಿದೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಗುಡ್ಡೆ ಹಾಕಿದ 13 ಸೈನೈಡ್ ದಿಬ್ಬಗಳಿವೆ. ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆ. ಬೇಸಿಗೆಯ ಗಾಳಿಗೆ ಅದರ ಧೂಳು ಲೈನುಗಳ ಅಡುಗೆ ಮನೆಗೆ ಬರುತ್ತದೆ. ಅದರಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಸುಮಾರು 1,003 ಎಕರೆ. ಆ ಚಿನ್ನಕ್ಕೆ ಯಾವ ಕಂಪನಿ ಬರಲಿ, ಅದರ ಷೇರಿಗೆ ಗೂಳಿ ಬರುತ್ತದೆ, ಕರಡಿ ಬರುತ್ತದೆ, ಎರಡರ ಲೆಕ್ಕವೂ ನಮ್ಮಂಥವರ ಪರದೆಗೆ ಬರುತ್ತದೆ. ದಿಬ್ಬ ಕೆದಕಿದಾಗ ಏಳುವ ಧೂಳಿನ ಲೆಕ್ಕಕ್ಕೆ ಕಾಲಂ ಹಾಕುವವರು ಯಾರು?

ಅದನ್ನು ನಾವೇ ಹಾಕಬೇಕು. ಅಲ್ಲಿನ ಶಾಲೆಯ ಮೇಷ್ಟ್ರುಗಳು, ಕಾಲೇಜಿನ ಹುಡುಗ ಹುಡುಗಿಯರು, ಸಂಘದ ಗೆಳೆಯರು ಒಂದು ನೋಟ್‌ಬುಕ್ ಹಿಡಿದು ಲೈನು ಲೈನು ತಿರುಗಬೇಕು. ಮನೆಯಲ್ಲಿ ಯಾರು ಗಣಿಗೆ ಇಳಿದರು, ಯಾವ ಶಾಫ್ಟು, ಎಷ್ಟು ವರ್ಷ, ಹೇಗೆ ಸತ್ತರು, ಈಗ ಯಾರು ಕೆಮ್ಮುತ್ತಿದ್ದಾರೆ, ಮನೆಗೆ ಹಕ್ಕುಪತ್ರ ಬಂದಿದೆಯೇ, ಬೆಳಗಿನ ರೈಲಿಗೆ ಯಾರು ಹೋಗುತ್ತಾರೆ. ತಿಂಗಳಿಗೆ ಎರಡು ಸಲ ಬೇಡ, ವರ್ಷಕ್ಕೊಂದು ಸಲ ಸಾಕು. ಹೆಸರು ಸಮೇತ ಇರಲಿ. ದಿಬ್ಬದ ಮೇಲೆ ಯಂತ್ರ ಬರುವ ಮೊದಲು ಆ ಪುಸ್ತಕ ತಯಾರಿರಬೇಕು. ನಾಳೆ ಅಧಿಕಾರಿಗಳ ಮುಂದೆ, ಕೋರ್ಟಿನ ಮುಂದೆ 'ನಿಮ್ಮ ಹತ್ತಿರ ಏನು ಲೆಕ್ಕ ಇದೆ?' ಅಂದಾಗ ಎತ್ತಿ ಇಡುವುದಕ್ಕೆ.

ನಾವು ಶುರು ಮಾಡಿದ್ದೇವೆ. ಮೊದಲ ಹಾಳೆಯಲ್ಲಿ ನಮ್ಮ ತಾತನನ್ನು ಬರೆದೆವು. ಎರಡನೆಯದನ್ನು ಅತ್ತೆ ಬರೆಸಿದರು, ರೈಲಿನಲ್ಲಿ, ನಿಂತುಕೊಂಡೇ. ಗಂಡ, ಮಾವ, ಮಾವನ ಅಣ್ಣ. ಮೂರು ಹೆಸರು, ಮೂರು ಶಾಫ್ಟು. ಬರೆದು ಮುಗಿಯುವಷ್ಟರಲ್ಲಿ ವೈಟ್‌ಫೀಲ್ಡ್ ಬಂತು.

"ಇನ್ನೂ ಅವ್ರೆ ಕಣಪ್ಪ, ನಾಳೆ ಏಳ್ತೀನಿ" ಅಂತ ಅತ್ತೆ ಇಳಿದು ಹೋದರು.